ಮೀಟರಿನೊಳಗಿನ ಚುಕ್ಕಿ

ಗಾಜು ಒರೆಸಲು ಹಳೇ ಬನಿಯನ್ನಿನ ತುಂಡು,
ಜೇಡ ಓಡಿಸಲು ಪೊರಕೆಕಡ್ಡಿ,
ಮುಚ್ಚಳ ಎತ್ತಲು ಬಾಗಿದ ಸ್ಕ್ರೂಡ್ರೈವರು,
ಇಷ್ಟೇ ನನ್ನ ಆಯುಧ. ತಿಂಗಳಿಗೆ ಆರುನೂರು ಮನೆ.

ಕುಶಾಲನಗರದ ಈ ಹೊಳೆಸಾಲು ಬಡಾವಣೆಯಲ್ಲಿ
ಯಾರ ಮನೆಗೆ ಬೀಗರು ಬಂದರು, ಯಾರು ಬಾಣಂತಿ,
ಯಾರ ಮನೆಯಲ್ಲಿ ಈಗ ಯಾರೂ ಇಲ್ಲ,
ಬಾಗಿಲು ತಟ್ಟುವ ಮೊದಲೇ ಗೊತ್ತು.
ಅಂಕಿ ಬಾಯಿಬಡುಕ. ನಾನಲ್ಲ.

ಸಿಸಿಲಿ ಟೀಚರು ಅಕ್ಕಿ ತೊಳೆದದ್ದು ಕರಿಬೇವಿಗೆ,
ಬಟ್ಟೆ ಜಾಲಿಸಿದ್ದು ಅಂಗಳಕ್ಕೆ,
ಅಂಗಳ ತೊಳೆದದ್ದು ತಾನೇ ಗೇಟು ದಾಟಿ
ಪಕ್ಕದ ಮನೆಯ ಬಸಳೆಬುಡಕ್ಕೆ.
ಅವರ ಮೀಟರಿನದು ಮುದುಕನ ನಡಿಗೆ.
ಎದುರಿಗೆ ಹೊಸ ಹೋಂಸ್ಟೇ. ವಾರಾಂತ್ಯಕ್ಕೆ ಎಂಟು ಕಾರು,
ಎಂಟೂ ಕಾರಿಗೆ ಅಭ್ಯಂಜನ.
ಅಲ್ಲಿ ಮುಳ್ಳು ಕೆಂಡ ತುಳಿದಂತೆ ಓಡುತ್ತದೆ.

ಏಪ್ರಿಲ್ಲು. ಕಾವೇರಿಗೆ ಅಡ್ಡ ಮರಳುಮೂಟೆ ಒಟ್ಟಿ
ನಿಂತ ನೀರನ್ನು ಪಂಪು ಎಳೆಯುತ್ತದೆ,
ಬತ್ತಿದ ಕೆಚ್ಚಲಿಗೆ ಕರು ಗುದ್ದಿದ ಹಾಗೆ.
ಬೆಳಿಗ್ಗೆ ಎರಡು ಗಂಟೆ ನೀರು, ಬಿಟ್ಟರೆ ನಾಳೆ.
ಇದೇ ಹೊಳೆ, ಆ ಆಗಸ್ಟಿನಲ್ಲಿ
ಮೀಟರು ಕೇಳದೆ, ವಾಲ್ವು ಕೇಳದೆ
ಅಡಿಗೆಮನೆಗೇ ಬಂದಿತ್ತು, ಸಕ್ಕರೆಡಬ್ಬಿಯ ತನಕ.
ಗೋಡೆಯ ಮೇಲೆ ಈಗಲೂ ಅದರ ಗೆರೆ,
ಬಣ್ಣ ಬಳಿದಷ್ಟೂ ಮೇಲೇಳುತ್ತದೆ.
ಅದಕ್ಕೆ ಬಿಲ್ಲು ಬರೆದವರಿಲ್ಲ.

ನಲವತ್ತೇಳನೇ ನಂಬರಿನ ಚೋಂದವ್ವ
ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್,
ಒಂದು ರೂಪಾಯಿ ಆಚೀಚೆಯಾದರೆ ಊಟ ಸೇರದವರು.
"ಎರಡು ಜೀವ ನಾವು, ಬಿಲ್ಲು ಮಾತ್ರ ಮದುವೆಮನೆಯದ್ದು!
ನಿನ್ನ ಮೀಟರು ಸುಳ್ಳು ಹೇಳುತ್ತದೆ, ದೇವಕ್ಕಿ."

ಎಲ್ಲ ನಲ್ಲಿ ಮುಚ್ಚಿ ಅಂದೆ. ಮುಚ್ಚಿದರು,
ಗೀಸರಿನದು, ಗುಲಾಬಿಗಿಡದ ಪೈಪಿನದೂ.
ಮೇಲಿನ ಟ್ಯಾಂಕು ತುಂಬಿದೆ ಎಂದರು.
ಗಾಜು ಒರೆಸಿ ಕುಕ್ಕರಗಾಲಿನಲ್ಲಿ ಕೂತೆವು.
ಅಂಕಿಗಳೆಲ್ಲ ನಿದ್ದೆ. ನಡುವೆ ಒಂದು
ಕೆಂಪು ಚುಕ್ಕಿ, ಎಳ್ಳಿನಷ್ಟು,
ಯಾರಿಗೂ ಹೇಳದೆ ತಿರುಗುತ್ತಿತ್ತು.

"ಬೆಲ್ಲದ ಕಾಫಿ ಇದೆಯಾ, ಕಪ್ಪಗಿನದ್ದು?"
ಇದು ಕಾಫಿಯ ಹೊತ್ತಾ ಎಂಬ ಮುಖದಲ್ಲೇ ತಂದರು.
ಒಯ್ದು ಸುರಿದೆ ಕಕ್ಕಸಿನ ಫ್ಲಷ್ ಟ್ಯಾಂಕಿಗೆ.
"ಅಯ್ಯೋ!" ಎಂದರು, ತೋಟದ ಕಾಫಿ.
ಇಪ್ಪತ್ತು ನಿಮಿಷ ಯಾರೂ ಒಳಗೆ ಹೋಗಬಾರದು ಎಂದೆ.
ಗಂಡ ಪೂವಣ್ಣ ಪೇಪರು ಹಿಡಿದು
ಬಾಗಿಲ ಹೊರಗೆ ಕಾಲು ಬದಲಿಸುತ್ತ ನಿಂತರು.

ತೆಗೆದು ನೋಡಿದರೆ ಬಿಳಿ ಪಿಂಗಾಣಿಯ ಮೇಲೆ
ಕಾಫಿ ಬಣ್ಣದ ಒಂದೆಳೆ, ಹೊಲಿಗೆ ದಾರದಷ್ಟು.
ಟ್ಯಾಂಕಿನೊಳಗೆ, ಕಿವಿಯಿಟ್ಟರೆ, ಸಣ್ಣಗೆ
ಸ್‌ಸ್‌ಸ್...

ಚೋಂದವ್ವನ ಮುಖ ಲೆಕ್ಕ ತಪ್ಪಿದಂತಾಯಿತು.
"ಇದಾ? ಇದು ಹೊಳೆ ಅಂದುಕೊಂಡಿದ್ದೆ.
ಆ ರಾತ್ರಿ ಆದಮೇಲೆ ನಿದ್ದೆಯಲ್ಲೂ
ಒಂದು ಕಿವಿ ಅತ್ತ ಇಟ್ಟೇ ಮಲಗುತ್ತೇನೆ.
ಹರೀತಾ ಇದೆ, ದೂರದಲ್ಲೇ ಇದೆ, ಅಂತ
ಮಗ್ಗುಲು ಬದಲಿಸಿ..."

ಏಪ್ರಿಲಿನಲ್ಲಿ ಹೊಳೆಗೆ ಸದ್ದೆಲ್ಲಿ? ನಾನು ಕೇಳಲಿಲ್ಲ.

ಎಂಬತ್ತು ರೂಪಾಯಿಯ ವಾಷರು. ಪೂವಣ್ಣನೇ ಹಾಕಿದರು,
ಮೊದಲು ತಮ್ಮ ಕೆಲಸ ಮುಗಿಸಿ.
ಅಷ್ಟರಲ್ಲಿ ಕ್ಯಾಲೆಂಡರಿನ ಬೆನ್ನಿಗೆ ಇವರ ಲೆಕ್ಕ:
ನಿಮಿಷಕ್ಕೆ ಅರ್ಧ ಲೋಟ,
ದಿನಕ್ಕೆ ಏಳುನೂರಿಪ್ಪತ್ತು ಲೋಟ, ತಿಂಗಳಿಗೆ,
ವರ್ಷಕ್ಕೆ...
ಪೆನ್ನು ಕೆಳಗಿಟ್ಟರು.

ಮೇ ತಿಂಗಳು ಹೋದಾಗ ಬಿಲ್ಲು ಅರ್ಧಕ್ಕರ್ಧ.
ಚುಕ್ಕಿ ನಿಂತಲ್ಲೇ ನಿಂತಿತ್ತು.
ಚೋಂದವ್ವನ ಕಣ್ಣ ಕೆಳಗೆ ಮಾತ್ರ ಕಪ್ಪು.
"ನಿದ್ದೆ ಬರೋದಿಲ್ಲ ದೇವಕ್ಕಿ. ಮನೆ ಗಪ್ಪನೆ.
ಮೊನ್ನೆ ರಾತ್ರಿ ಟಾರ್ಚು ಹಿಡಿದು ಹೋಗಿ ನೋಡಿಬಂದೆ.
ಬಂಡೆ, ಬಂಡೆ, ಒಂದು ಚಪ್ಪಲಿ."

ಬಿಲ್ಲು ಹರಿದು ಕೊಟ್ಟೆ. ಅಂಕಿ ನೋಡಲೇ ಇಲ್ಲ,
"ಜೂನಿಗೆ ಇನ್ನೆಷ್ಟು ದಿನ?" ಎಂದರು.
ಮಳೆ ಬರಲಿ ಎಂದೋ, ಬಾರದಿರಲಿ ಎಂದೋ,
ನನ್ನ ಮೀಟರಿನಲ್ಲಿ ಅದಕ್ಕೆ ಮುಳ್ಳಿಲ್ಲ.
ಮುಚ್ಚಳ ಮುಚ್ಚಿ
ನಲವತ್ತೆಂಟಕ್ಕೆ ನಡೆದೆ.