ದೀಪದ ಬುಡ

ಡ್ರಾವಾ ದಂಡೆಯ ಪೊಯೆಟೋವಿಯೋದಲ್ಲಿ
ದೀಪ ಕೊಳ್ಳುವವರು ಮೊದಲು ಅದನ್ನು ಬೋರಲು ಹಾಕುತ್ತಾರೆ.
ಬತ್ತಿಯ ಮೂತಿ ನೋಡುವುದಿಲ್ಲ, ಎಣ್ಣೆ ಸೋರೀತೇ ಎಂದು ಕೇಳುವುದಿಲ್ಲ,
ಬುಡದಲ್ಲಿ ಕಲ್ವಿಯೋ ಇದ್ದಾನೆಯೇ, ಅಷ್ಟೆ.
ಹೊತ್ತಿಸಿದ ಮೇಲೆ ಮನೆಯಲ್ಲೆಲ್ಲ ಕತ್ತಲೆಯ ಜಾಗ ಅದು.
ಹೆಸರು ಇರುವುದು ಅಲ್ಲೇ.

ಯಾರು ಈ ಕಲ್ವಿಯೋ? ಬೆಟ್ಟಗಳಾಚೆ
ಮುಟಿನಾದಲ್ಲಿ ಆವಿಗೆ ಇಟ್ಟವನಂತೆ.
ಸತ್ತು ಎಷ್ಟು ವರ್ಷವೋ.
ನನ್ನ ಗಂಡ ಬಾಟೋ ಸೈನಿಕನೊಬ್ಬನಿಂದ
ಎರಡು ಮೊಲದ ತೊಗಲು ಕೊಟ್ಟು ಒಂದನ್ನು ತಂದ.
ಹೊತ್ತಿಸಲಿಲ್ಲ. ಹಸಿ ಗಾರೆಯಲ್ಲಿ ಮಲಗಿಸಿ
ಅಚ್ಚು ತೆಗೆದೆವು, ಕಳ್ಳರಂತೆ ಬಾಗಿಲು ಹಾಕಿಕೊಂಡು.
ಆಮೇಲೆ ಗೊತ್ತಾಯಿತು, ಆ ಹೊತ್ತಿಗೆ
ಪಕ್ಕದ ಮನೆಯ ಬಾಗಿಲೂ ಹಾಕಿತ್ತು.

ಸುಟ್ಟರೆ ಮಣ್ಣು ಕುಗ್ಗುತ್ತದೆ.
ನಮ್ಮ ಕಲ್ವಿಯೋ ಅವನ ಕಲ್ವಿಯೋಗಿಂತ
ಒಂದು ಉಗುರಿನಷ್ಟು ಗಿಡ್ಡ.
ಅಕ್ಷರ ಆರು. ನನಗೆ ಓದಲು ಬಾರದು,
ಕೊನೆಯದು ಬಳೆಯ ಹಾಗೆ ದುಂಡಗಿದೆ ಎಂದಷ್ಟೇ ಬಲ್ಲೆ.
ಬಾಟೋ ಹೋದ ಚಳಿಗಾಲ ಅಚ್ಚು ಕೈಜಾರಿ
ಆ ಬಳೆಯ ಕೆಳಗೊಂದು ಬಿರುಕು.
ಅಂದಿನಿಂದ ನನ್ನ ದೀಪಗಳ ಬುಡದಲ್ಲಿ
ಬಳೆಗೊಂದು ಬಾಲ, ಇಲಿಮರಿಯದರಂತೆ.

ಒಮ್ಮೆ ಏನೋ ಹಟಕ್ಕೆ
ಹತ್ತು ದೀಪಗಳ ಹೆಸರನ್ನು ಒದ್ದೆ ಬೆರಳಿನಿಂದ ಒರೆಸಿಬಿಟ್ಟೆ.
ಹತ್ತೂ ಉಳಿದವು. ನಾನೇ ಹಚ್ಚುತ್ತೇನೆ.
ಚೆನ್ನಾಗಿಯೇ ಉರಿಯುತ್ತವೆ.

ಮೊನ್ನೆ ಉಣ್ಣೆಗೆಂದು ಸವಾರಿಯಾ ಪೇಟೆಗೆ ಹೋಗಿದ್ದೆ.
ಮೂಲೆಯಲ್ಲೊಬ್ಬ ಹುಡುಗ ದೀಪ ಗುಡ್ಡೆ ಹಾಕಿಕೊಂಡು ಕೂಗುತ್ತಿದ್ದ:
ಕಲ್ವಿಯೋ, ಅಸಲಿ ಕಲ್ವಿಯೋ,
ಮುಟಿನಾದಿಂದ ನಿನ್ನೆ ಇಳಿದದ್ದು!
ಒಂದನ್ನು ಬೋರಲು ಹಾಕಿದೆ.
ಆರರಲ್ಲಿ ಎರಡು ಅಕ್ಷರ ಸವೆದುಹೋಗಿವೆ.
ಬಳೆ ಇದೆ.
ಬಳೆಗೆ ಬಾಲವಿದೆ.

ಇದು ನನ್ನದು, ಅಂದೆ.
ಅಲ್ಲಮ್ಮ, ಕಲ್ವಿಯೋನದು, ಅಂದ.
ಮತ್ತೆ ಈ ಬಾಲ?
ಹುಡುಗ ಆಚೀಚೆ ನೋಡಿ ದನಿ ತಗ್ಗಿಸಿದ:
ಅಸಲಿಗೆ ಬಾಲ ಇದ್ದೇ ಇರುತ್ತದೆ. ಬಾಲವಿಲ್ಲದ್ದು ನಕಲಿ.
ಪೇಟೆ ತುಂಬ ಅಂಥವೇ,
ಮೋಸ ಹೋಗಬೇಡಿ.

ಸಿಟ್ಟು ಬರಬೇಕಿತ್ತು.
ಚೌಕಾಸಿ ಮಾಡದೆ ಕೊಂಡೆ.
ನನ್ನದಕ್ಕಿಂತಲೂ ಗಿಡ್ಡ, ಮುಷ್ಟಿ ಮುಚ್ಚಿದರೆ ಕಾಣದು.
ಗಾಡಿಯಲ್ಲಿ, ಡ್ರಾವಾ ಕತ್ತಲಾಗುವವರೆಗೂ,
ಹೆಬ್ಬೆರಳಿನಿಂದ ಸವರುತ್ತ ಬಂದೆ
ನನಗೆ ಓದಲು ಬರುವ
ಆ ಒಂದು ಗೆರೆಯನ್ನು.