ಕೆಳಗಿನ ಸಾಲು

ಎಂಟು ಫೂಟ ಎತ್ತರ, ಹನ್ನೆರಡು ಫೂಟ ಅಗಲ,
ಹಳದಿ ಮ್ಯಾಲ ಕೆಂಪು.
‘ಸಾಲದ ಚಿಂತಿ ನಮಗ ಬಿಡ್ರಿ’ ಅಂತ ಬರಸಿದ.
ಬಾಜೂಕ ನಕ್ಕೋತ ನಿಂತ ಒಂದು ಸಂಸಾರ,
ಇಂಟರ್ನೆಟ್ಟಿನಾಗ ಪುಕ್ಕಟ ಸಿಕ್ಕದ್ದು:
ಗಂಡ, ಹೆಂಡತಿ, ಮುಂದಿನ ಹಲ್ಲು ಬಿದ್ದ ಹುಡುಗಿ.
ಯಾವ ದೇಶದವರೋ, ಅವರಿಗೇನು ಸಾಲ ಇತ್ತೋ.

ಮ್ಯಾಲ ಸಿಬಿಲ್ ಸ್ಕೋರಿನ ಅಂಕಿ, ಕುಂಬಳಕಾಯಿ ಗಾತ್ರ:
ಏಳುನೂರಾ ಎಂಬತ್ತು. ಮೂವತ್ತು ದಿನದಾಗ. ಗ್ಯಾರಂಟಿ.
ಕೆಳಗ ಒಂದು ಸಾಲು ಇತ್ತು, ಷರತ್ತಿನದು.
‘ರಾಚಣ್ಣ, ಇದನ್ನ ಸಣ್ಣದು ಮಾಡು’ ಅಂದ.
ಮಾಡಿದೆ.
‘ಇನ್ನೂ ಸಣ್ಣ.’
ಇದಕ್ಕಿಂತ ಸಣ್ಣ ಮಾಡಿದ್ರ ಮಷೀನ ಅಕ್ಷರ ಬರಿಯೂದಿಲ್ರಿ,
ಇರಿವಿ ಬಿಡತದ, ಅಂದೆ.
‘ಇರಿವೀನಽ ಬಿಡು’ ಅಂದ, ನಕ್ಕ,
ಚಹಾ ತರಿಸಿದ. ನಾನೂ ನಕ್ಕೆ.

ಬಾರಾ ಕಮಾನದ ಹಿಂದ, ಮೊಬೈಲ್ ಅಂಗಡಿ ಮ್ಯಾಲಿನ ಮಾಳಿಗಿ.
ಎರಡು ಕುರ್ಚಿ, ಒಂದು ಎಸಿ, ಹೊಸಾ ಬಣ್ಣದ ವಾಸನಿ.
ಫ್ಲೆಕ್ಸ್ ಕಟ್ಟಲಾಕ ನಾನಽ ನಿಚ್ಚಣಿಕಿ ಹತ್ತಿದೆ.
ಸಾವಿರ ಹ್ಯಾಂಡಬಿಲ್ಲೂ ಕೂಡಿ ನಾಲ್ಕು ಸಾವಿರದ ಎರಡುನೂರು.
‘ರೊಕ್ಕ ಇರಲಿ, ನಿನ್ನ ಸ್ಕೋರ್ ಎಷ್ಟು ಹೇಳು’ ಅಂದ.
ಐದುನೂರಾ ಮೂವತ್ತೊಂದು.
ಮಷೀನಿನ ಸಾಲ. ಅದರ ಹೆಡ್ಡು ಸುಟ್ಟ ವರ್ಷ
ಮೂರು ಕಂತು ತಪ್ಪಿದ್ವು; ಖರೇನ ತಪ್ಪಿದ್ವು.
ಹೆಂಡತೀಗೂ ಹೇಳಿರಲಿಲ್ಲ ಆ ಅಂಕಿ.
ಅವಂಗ ಹೇಳಿದೆ. ಬಿಸಿ ಚಹಾದ ಮುಂದ ಮನಶ್ಯಾ ಎಷ್ಟು ಅಗ್ಗ.

‘ಬ್ಯಾಂಕಿಗೆ ಕಟ್ಟಬ್ಯಾಡ, ನಮಗ ಕಟ್ಟು, ನಾವು ಮಾತಾಡ್ತೀವಿ.
ಅವರ ಫೋನ್ ಬಂದ್ರ ಎತ್ತಬ್ಯಾಡ.
ಆಧಾರ್ ಕೊಡು, ಪ್ಯಾನ್ ಕೊಡು, ಈಗ ಬಂದ ಆರು ಅಂಕಿ ಓದು.’
ಓದಿದೆ, ಸಾಲ್ಯಾಗ ಮಗ್ಗಿ ಒಪ್ಪಿಸಿದಂಗ.
ನಾಲ್ಕು ತಿಂಗಳು ಫೋನ್ ಎತ್ತಲಿಲ್ಲ.
ಮೇಜಿನ ಮ್ಯಾಲ ಅದು ನಡಗೂದು ನೋಡಲಾರದ
ಮಸಿ ಡಬ್ಬಿ ಹೇರಿ ಇಡತಿದ್ದೆ.

ನಾಗರ ಪಂಚಮಿ ಮರುದಿನ ಮಾಳಿಗಿಗೆ ಕೀಲಿ.
ಎಸಿ ಇದ್ದಲ್ಲಿ ಚೌಕ ತೂತು.
ಕುರ್ಚಿ ಬಾಡಿಗಿವು, ಮೊದಲಽ ಹೋಗಿದ್ವು.
ಫ್ಲೆಕ್ಸ್ ಮಾತ್ರ ಹಂಗಽ ಇತ್ತು. ಗಟ್ಟಿ ಕಟ್ಟಿದ್ದೆ.

ಬ್ಯಾಂಕಿನ ಭೀಮಾಶಂಕರ ರಿಪೋರ್ಟ್ ತಿರುಗಿಸಿ ತೋರಿಸಿದ:
ಮೂರು ಇದ್ದಲ್ಲಿ ಈಗ ಏಳು.
‘ಖರೇ ತಪ್ಪಿದ್ದನ್ನ ಯಾರ ಅಪ್ಪಗೂ ಅಳಸಲಾಕ ಬರೂದಿಲ್ಲ, ರಾಚೋಟಿ.
ಅವರು ತಪ್ಪು ಬರದಿದ್ರ ನೀನಽ ಅರ್ಜಿ ಹಾಕು, ಪೈಸಾ ಬೀಳೂದಿಲ್ಲ.
ಕಂತು ಭಾರ ಆದ್ರ ಇಲ್ಲಿ ಬಾ. ಬೈಸಿಕೊ, ಆದ್ರ ಬಾ.’
ಬೈದ. ಆಮ್ಯಾಲ ಕುಂದರಿಸಿ ಹೊಸಾ ಕಂತು ಬರದ.

ನನ್ನ ಸಂಕಟ ಅದಲ್ಲ.
ಒಂದು ಮಧ್ಯಾಹ್ನ ಜೋರಾಪುರ ಪೇಟಿಯ ಶಮಶಾದ ಬಂದಳು,
ಅಂಗನವಾಡಿ ಸಹಾಯಕಿ, ಆ್ಯಪಿನ ಸಾಲದಾಕಿ.
ಪಾವತಿ ತೋರಿಸಿದಳು: ಒಂಬತ್ತು ಸಾವಿರ.
ಸಿಟ್ಟಿಲ್ಲ, ಕಣ್ಣೀರಿಲ್ಲ. ಇಷ್ಟಽ ಕೇಳಿದಳು:
‘ಅಣ್ಣಾ, ಆ ಬೋರ್ಡ್ ನೀವಽ ಮಾಡಿದ್ದಲ್ಲ?
ನಮ್ಮ ಮಕ್ಕಳ ಅಆಇಈ ಬೋರ್ಡೂ ನಿಮ್ಮದಽ.
ನಿಮ್ಮ ಕೈಯಿಂದ ಬಂದದ್ದು ಅಂತ ಮ್ಯಾಲ ಹತ್ತಿ ಹೋದೆ.’
ಕೆಳಗಿನ ಸಣ್ಣ ಸಾಲು ಓದಲಿಲ್ಲೇನವಾ, ಅಂದುಬಿಟ್ಟೆ.
ಆಕಿ ನನ್ನ ಮುಖ ನೋಡಿದಳು.
ಆ ಸಾಲಿನಾಗ ಏನಿತ್ತು ಅಂತ
ನನಗೂ ನೆನಪಿಲ್ಲ.

ಅವತ್ತಽ ಸಂಜೀಕ ನಿಚ್ಚಣಿಕಿ ಹಾಕಿ ಇಳಿಸಿದೆ.
ಈಗ ರಾತ್ರಿ ಅದು ಮಷೀನಿಗೆ ಹೊದಿಕಿ, ಬರಹ ಒಳಗ, ಬಿಳಿ ಹೊರಗ.
ಹಲ್ಲು ಬಿದ್ದ ಹುಡುಗಿ ಕತ್ತಲದಾಗ ನಗತಿರಬೇಕು.

ಹೋದ ವಾರ ಇನ್ನೊಬ್ಬ ಬಂದ. ಹೆಸರು ಬ್ಯಾರೆ, ಅಂಗಿ ಬ್ಯಾರೆ,
ಪೆನ್‌ಡ್ರೈವಿನಾಗ ಅದಽ ಹಳದಿ.
ಕೆಳಗಿನ ಸಾಲು ದೊಡ್ಡದು ಮಾಡಿ ಕೊಡ್ತೀನಿ, ಅಂದೆ.
ಅಷ್ಟು ಜಾಗಾ ಇಲ್ಲ, ಅಂದ.
ಮಷೀನ ಕೆಟ್ಟದ, ಅಂದೆ.
ಅಂವ ಹೋಗಿ ಹತ್ತು ನಿಮಿಷ ಆಗಿರಲಿಲ್ಲ,
ಬಾಜೂ ಅಂಗಡ್ಯಾಗ ಚರ್ರ, ಚರ್ರ.
ಗ್ವಾಡಿ ಆಚಿಂದ ಹಸಿ ಮಸಿ ವಾಸನಿ.