ಸಾಣಿಕಟ್ಟೆಯಲ್ಲಿ ಅರ್ಧ ತಾಸು

ಮೂರನೇ ಕ್ಯಾಂಪಿನ ಜಂಪಾ ಹಿಂದಿನ ರಾತ್ರಿ ಫೋನು ಮಾಡಿದ್ದ:
ಇನಾಸಣ್ಣ, ಗಾಡಿ ಬೇಕು, ಐದು ಜನ,
ಕಾರವಾರ, ಸಮುದ್ರ, ಅದೇ ದಿನ ವಾಪಸು.
ಅಮ್ಮ ಇನ್ನೂ ನೋಡಿಲ್ಲ.

ಚಳಿಗಾಲವೆಲ್ಲ ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ
ಸ್ವೆಟರು ಹರವುವ ಮನೆ ಅದು.
ಬೇಸಿಗೆಯೆಂದರೆ ಅವರಿಗೆ ಪುರುಸೊತ್ತು,
ನನಗೆ ಬಾಡಿಗೆ.

ನಾಲ್ಕೂವರೆಗೆ ಮುಂಡಗೋಡ ಬಿಟ್ಟೆವು.
ಮುಂದಿನ ಸೀಟಿನಲ್ಲಿ ಅಜ್ಜಿ, ಮೊಮೊಲಾ,
ಮಡಿಲಲ್ಲಿ ಬೆಣ್ಣೆ ಹಾಕಿದ ಉಪ್ಪು ಚಹಾದ ಥರ್ಮಾಸು,
ಬೆರಳಲ್ಲಿ ಜಪಮಣಿ, ತಿರುವಿಗೊಂದರಂತೆ.
ದೇವಿಮನೆ ಘಾಟಿನಲ್ಲಿ ಅವಳ ಲೆಕ್ಕ ತಪ್ಪಿತು.
ಥಾರ್ಚಿನ್ ಎರಡು ಸಲ ವಾಂತಿ ಮಾಡಿದ,
ಡೋಲ್ಕರ್ ಹದಿನೇಳು ಮಂಗ ಎಣಿಸಿದಳು.

ಕತಗಾಲದಲ್ಲಿ ಮುರುಗಲು ಪಾನಕ.
ಅಂಗಡಿಯ ನಾಯ್ಕರು ಅವರನ್ನು ನೋಡಿ,
ನನ್ನ ಗುಂಗುರು ತಲೆ ನೋಡಿ,
'ಎಲ್ಲಾ ಯಾವ ದೇಶದವ್ರು ಮಾರಾಯ?'
'ಅವರು ಮುಂಡಗೋಡ, ನಾನು ಹಳಿಯಾಳ' ಅಂದೆ.
ಜಂಪಾ ನಕ್ಕ. ಹುಟ್ಟಿದ್ದು ಮುಂಡಗೋಡದಲ್ಲೇ;
ಠಸ್ಸೆ ಹೊಡೆಸುವ ಪುಸ್ತಕದಲ್ಲಿ ಮಾತ್ರ ಪರದೇಶಿ.
ನಮ್ಮ ಮಾತಿನಲ್ಲಿ ಆ ಶಬ್ದಕ್ಕೆ
ದಿಕ್ಕಿಲ್ಲದವ ಅಂತಲೂ ಅರ್ಥವಿದೆ,
ಹೇಳಲಿಲ್ಲ.
ನನಗೆ ಪುಸ್ತಕವಿಲ್ಲ, ಕೂದಲಿದೆ.

ದೀವಗಿ ಸೇತುವೆಯ ಮೇಲೆ ಮಕ್ಕಳು ಕೂಗಿದರು:
ಸಮುದ್ರ! ಅಲ್ಲ, ಅಘನಾಶಿನಿ, ಹೊಳೆ.
ಗೋಕರ್ಣ ನೋಡಿಯೇ ಹೋಗೋಣ ಎಂದು ಚಿಮೆಯ ಹಟ,
ಮಾದನಗೇರಿಯಲ್ಲಿ ಎಡಕ್ಕೆ ಹೊರಳಿಸಿದೆ.

ಸಾಣಿಕಟ್ಟೆ ಬಂತು. ಮೊಮೊಲಾ ನನ್ನ ಮುಂಗೈ ಹಿಡಿದಳು.
'ನಿಲ್ಸು.'

ಗದ್ದೆಯಂತೆ ಚೌಕ ಚೌಕ ನೀರು, ಬದುವಿನ ಮೇಲೆ
ಬೆಳ್ಳಗೆ ಗುಡ್ಡೆ ಗುಡ್ಡೆ.
ಹಲಗೆ ಹಿಡಿದು ಉಪ್ಪೆಳೆಯುತ್ತಿದ್ದ ಹೆಂಗಸರು.
ಚಪ್ಪಲಿ ಬಿಟ್ಟು ನಡೆದೇ ಬಿಟ್ಟಳು.
ಒಂದು ಹರಳು ನಾಲಿಗೆಗಿಟ್ಟು
ಅವಳ ಭಾಷೆಯಲ್ಲಿ ಎಷ್ಟು ಬೇಗ ಮಾತಾಡಿದಳೆಂದರೆ
ಕನ್ನಡ ಮಾಡುತ್ತಿದ್ದ ಮಗ ಹಿಂದೆ ಬಿದ್ದ:

ಅಪ್ಪ ಬಡಗಣ ಸರೋವರಕ್ಕೆ ಹೋಗುತ್ತಿದ್ದನಂತೆ,
ಕುರಿಯ ಬೆನ್ನಿಗೆ ಎರಡೆರಡು ಉಣ್ಣೆಚೀಲ,
ಹೋಗಿಬರಲು ಮೂರು ತಿಂಗಳು.
ಅಲ್ಲಿ ಉಪ್ಪಿನವರದೇ ಗುಟ್ಟಿನ ಮಾತು,
ಮನೆಮಾತು ಆಡಿದರೆ ಉಪ್ಪು ಮುನಿಯುತ್ತದಂತೆ.
ಹೆಂಗಸರು ಆ ಕಡೆ ಸುಳಿಯಲೇಬಾರದು.
ಗಂಡು ಬಟ್ಟೆ ಹಾಕಿ ಹಿಂದೆ ಹೊರಟವಳನ್ನು
ಅಣ್ಣ ಕಿವಿ ಹಿಂಡಿ ಮರಳಿಸಿದ್ದ. ಆಗ ಏಳು ವರ್ಷ.

ಈಗ ಎಂಬತ್ತೊಂದು.
ಕೊರಳ ತುಂಬ ಕರಿಮಣಿಯ ಬುದ್ವಂತಿ ಗೌಡ
ಹಲಗೆ ಊರಿ ಅವಳ ಹವಳ ನೋಡಿದಳು,
ಅವಳು ಇವಳ ಮಣಿ ನೋಡಿದಳು.
ಆಮೇಲೆ ಮೊಮೊಲಾ,
ನಲವತ್ತು ಚಳಿಗಾಲ ಗಿರಾಕಿಗಳಿಂದ ಕೇಳಿದ್ದನ್ನು
ಮೊದಲ ಸಲ ತಾನೇ ಅಂದಳು,
ಅಚ್ಚ ಹುಬ್ಬಳ್ಳಿ ಮಾತಿನಲ್ಲಿ:
'ಭಾಳ ಆತ್ರಿ. ಕಡಿಮೀ ಮಾಡ್ರಿ.'
ಬುದ್ವಂತಿ ನಕ್ಕು, ಮೇಲೆ ಎರಡು ಬೊಗಸೆ ಹಾಕಿದಳು.

ಅರ್ಧ ತಾಸು ಎಂದದ್ದು ಎರಡು ತಾಸಾಗಿ
ಗೋಕರ್ಣ ತಪ್ಪಿತು. ಚಿಮೆ ಅಂಕೋಲೆಯವರೆಗೆ ಮಾತಾಡಲಿಲ್ಲ.

ಕಾರವಾರದ ಪೇಟೆಯಲ್ಲಿ ಬುಟ್ಟಿ ತುಂಬ ತಾರ್ಲೆ.
ಅಜ್ಜಿ ನಿಂತು ನೋಡಿದಳು:
ಒಂದು ಯಾಕ್ ಕಡಿದರೆ ಒಂದು ಜೀವ, ಚಳಿಗಾಲ ಕಳೆಯುತ್ತದೆ.
ಈ ಬುಟ್ಟಿಯಲ್ಲಿ ಎಷ್ಟು ಜೀವ, ಒಂದು ಊಟಕ್ಕೆ?
ನಾನು ಆಗಷ್ಟೇ ಊಟಕ್ಕೆ ಹೇಳಿ ಬಂದಿದ್ದೆ.

ದಂಡೆಯಲ್ಲಿ ಮಕ್ಕಳು ಒದ್ದೆ, ಜಂಪಾ ಒದ್ದೆ,
ಮುನಿಸು ಬಿಟ್ಟ ಚಿಮೆಯೂ ಮೊಣಕಾಲವರೆಗೆ.
ಮೊಮೊಲಾ ಚೀಲಕ್ಕೆ ಒರಗಿ ಕೂತು
'ದೊಡ್ದೈತಿ' ಅಂದಳು. ಸಮುದ್ರಕ್ಕೆ ಅಷ್ಟೇ.
ಆಮೇಲೆ ನನ್ನ ಕಡೆ ತಿರುಗಿ, 'ನಿಮ್ಮವ್ರು?'
ಈ ನೀರಿನ ಮೇಲೇ ತಂದರಂತೆ, ಅಂದೆ.
ಯಾವ ಊರಿಂದ? ಗೊತ್ತಿಲ್ಲ.
ಮಾತು? ಒಂದೂ ಉಳಿದಿಲ್ಲ.
ಥರ್ಮಾಸಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿಕೊಟ್ಟಳು.
ನನಗೆ ಆ ರುಚಿ ಸೇರುವುದಿಲ್ಲ. ಕುಡಿದೆ.

ಇಳಿಯುವಾಗ ಪೇಪರಿನಲ್ಲಿ ಕಟ್ಟಿ ಕೊಟ್ಟ ಒಂದು ಹಿಡಿ
ಡ್ಯಾಶ್‌ಬೋರ್ಡಿನ ಸಾಯಬಿಣಿಯ ಪಕ್ಕ ಮರೆತೇ ಹೋಗಿತ್ತು.
ಜೂನ್ ಮೂರನೇ ವಾರ ನೀರೊಡೆದು
ಗೇರಿನವರೆಗೆ ಹರಿದಿದೆ.
ಒರೆಸಬೇಕು.